ಗಳಿಸಲಾಗದ್ದನ್ನು ಹಾಡಿದ ಬಾಖ್

ಜರ್ಮನ್ ಸಂಗೀತಕಾರ ಬಾಖನ ಒಂಬತ್ತನೆಯ ಕ್ಯಾಂಟಾಟಾದ (ಹಲವು ಭಾಗಗಳ ಆರಾಧನಾ ಗಾಯನ) ಐದನೆಯ ಭಾಗವನ್ನು ಮೊದಲ ಸಲ ಕೇಳಿದಾಗ ತೀರಾ ಹಗುರಾದ ಹಾಡು ಅನಿಸುತ್ತದೆ. ಮರದ ಕೊಳಲು, ಅದರ ಜೊತೆಗೆ ಓಬೊ ದಾಮೋರೆ ಎಂಬ ಮೆಲುದನಿಯ ಊದುವ ವಾದ್ಯ, ಕೆಳಗೆ ನಡೆ ತಪ್ಪದ ಮಂದ್ರ. ಸ್ವಲ್ಪ ಹೊತ್ತಿಗೆ ಎರಡು ಎತ್ತರದ ಕಂಠಗಳು ಬಂದು ಸೇರಿಕೊಳ್ಳುತ್ತವೆ. ಶಂಕರಾಭರಣ ಬಲ್ಲ ಕಿವಿಗೆ ಸ್ವರಗಳಲ್ಲಿ ಯಾವ ಹೊಸತೂ ಇಲ್ಲ. ಕಾಲು ತಾನಾಗಿ ತಾಳ ಹಾಕುತ್ತದೆ. ಆದರೆ ಆ ಕಂಠಗಳು ಹಾಡುತ್ತಿರುವುದು ಹದಿನಾರನೆಯ ಶತಮಾನದ ಯುರೋಪನ್ನು ಸೀಳಿದ ಮಾತನ್ನು. ಮನುಷ್ಯ ಮಾಡಿದ ಪುಣ್ಯಕಾರ್ಯಗಳ ಲೆಕ್ಕ ದೇವರ ಮುಂದೆ ನಡೆಯುವುದಿಲ್ಲ, ಅಲ್ಲಿ ನಡೆಯುವುದು ನಂಬಿಕೆ ಮಾತ್ರ ಎಂಬುದು ಆ ಮಾತು. ಇದಕ್ಕಾಗಿ ಜನ ಸೆರೆಮನೆ ಕಂಡರು, ಊರು ಬಿಟ್ಟರು, ಚಿತೆಯನ್ನೂ ಏರಿದರು. ಅಷ್ಟು ಭಾರದ ಮಾತು ಇಷ್ಟು ಹಗುರವಾಗಿ ಹೇಗೆ ಕುಣಿಯುತ್ತದೆ?

ಹಾಡಿನ ಮೂಲ ಇರುವುದು ಒಂದು ಸೆರೆಮನೆಯಲ್ಲಿ. ಅದನ್ನು ಕಟ್ಟಿದ ಪೌಲ್ ಸ್ಪೆರಾಟಸ್ ಪಾದ್ರಿಯಾಗಿದ್ದವನು, ಮತಸುಧಾರಕ ಲೂಥರನ ಬೋಧನೆಗೆ ಒಲಿದವನು, ಮದುವೆಯನ್ನೂ ಆದವನು. 1522ರಲ್ಲಿ ವಿಯೆನ್ನಾದ ಸಂತ ಸ್ಟೀಫನ್ ದೇವಾಲಯದಲ್ಲಿ ಪ್ರಸಂಗ ಮಾಡಿ ಅಲ್ಲಿನ ಧರ್ಮಪಂಡಿತರ ಕೋಪಕ್ಕೆ ಗುರಿಯಾದ. ಅಲ್ಲಿಂದ ಮೊರಾವಿಯಾಕ್ಕೆ ಹೋದರೆ ಅಲ್ಲೂ ಬಿಡಲಿಲ್ಲ. 1523ರಲ್ಲಿ ಓಲೊಮೌಟ್ಸ್ ನಗರದಲ್ಲಿ ಅವನನ್ನು ಸೆರೆಗೆ ಹಾಕಿ, ಸುಟ್ಟು ಕೊಲ್ಲುವ ಶಿಕ್ಷೆಯನ್ನೂ ವಿಧಿಸಿದರು. ಕೊನೆಗೆ ದೇಶ ಬಿಟ್ಟು ಹೋಗಬೇಕೆಂಬ ಷರತ್ತಿನ ಮೇಲೆ ಬಿಡುಗಡೆಯಾಯಿತು. ಅವನು ನೆಟ್ಟಗೆ ವಿಟೆನ್‌ಬರ್ಗ್‌ಗೆ, ಲೂಥರನ ಬಳಿಗೆ ಹೋದ. ‘ಎಸ್ ಇಸ್ಟ್ ದಾಸ್ ಹೈಲ್ ಉನ್ಸ್ ಕೊಮೆನ್ ಹೇರ್’ ಎಂಬ ಹದಿನಾಲ್ಕು ಚರಣಗಳ ಹಾಡನ್ನು ಅವನು ಕಟ್ಟಿದ್ದು ಆ ಸೆರೆಯ ದಿನಗಳಲ್ಲೇ ಎಂಬ ನಂಬಿಕೆಯಿದೆ. 1524ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ, ಎಂಟೇ ಹಾಡುಗಳಿರುವ ಪುಟ್ಟ ಹೊತ್ತಿಗೆಯಲ್ಲಿ ಅದು ಹೊರಬಂತು. ಆ ಎಂಟರಲ್ಲಿ ನಾಲ್ಕು ಲೂಥರನವು, ಮೂರು ಸ್ಪೆರಾಟಸನವು. ಲೂಥರನ್ ಸಭೆಗಳ ಮೊತ್ತಮೊದಲ ಹಾಡಿನ ಪುಸ್ತಕ ಅದು.

ಹಾಡಿನ ಸಾಹಿತ್ಯವನ್ನು ಮಾತ್ರ ಓದಿದರೆ ನನಗೆ ಅದು ದೊಡ್ಡ ಕವಿತೆ ಅನಿಸುವುದಿಲ್ಲ. ಲೂಥರನ ಕೀರ್ತನೆಗಳಲ್ಲಿ ಕೋಟೆ, ಆಯುಧ, ಗೋದಲಿ ಎಲ್ಲ ಬರುತ್ತವೆ. ಸ್ಪೆರಾಟಸನಲ್ಲಿ ಬರುವುದು ವಾದ. ಧರ್ಮಶಾಸ್ತ್ರ ಏನು ಕೇಳುತ್ತದೆ, ಮನುಷ್ಯನಿಂದ ಅದು ಏಕೆ ಆಗದು, ಕ್ರಿಸ್ತ ಅದನ್ನು ಹೇಗೆ ನೆರವೇರಿಸಿದ, ಒಳ್ಳೆಯ ಕೆಲಸಕ್ಕೆ ಹಾಗಾದರೆ ಏನು ಬೆಲೆ ಎಂದು ಒಂದರ ಮೇಲೊಂದು ಇಟ್ಟು ಕಟ್ಟುತ್ತಾನೆ. ಮೊದಲ ಅಚ್ಚಿನಲ್ಲಿ ಯಾವ ಸಾಲಿಗೆ ಬೈಬಲಿನ ಯಾವ ವಾಕ್ಯ ಆಧಾರ ಎಂಬ ಪಟ್ಟಿಯನ್ನೂ ಕೊಟ್ಟಿದ್ದ. ಹಾಡಿನ ರೂಪದಲ್ಲಿದ್ದ ಪಾಠ ಅದು, ಓದು ಬಾರದ ಸಭಿಕರೂ ಬಾಯಿಪಾಠ ಮಾಡಿ ಮನೆಗೊಯ್ಯಬಹುದಾದ ಪಾಠ. ಅದಕ್ಕೆ ರೆಕ್ಕೆ ಕೊಟ್ಟಿದ್ದು ರಾಗ. ಹದಿನೈದನೆಯ ಶತಮಾನದ ಒಂದು ಈಸ್ಟರ್ ಹಾಡಿನಿಂದ ಬಂದ ಧಾಟಿ ಅದು, ಒಂದೇ ಸ್ವರವನ್ನು ಮತ್ತೆ ಮತ್ತೆ ತಟ್ಟಿ ಆಮೇಲೆ ಹೊರಡುವಂಥದು. ಭಿಕ್ಷುಕನೊಬ್ಬ ಲೂಥರನ ಕಿಟಕಿಯ ಕೆಳಗೆ ನಿಂತು ಇದನ್ನು ಹಾಡಿದ, ಲೂಥರ್ ಕಣ್ಣೀರಿಟ್ಟ ಎಂಬ ಐತಿಹ್ಯವಿದೆ. ನಡೆದಿತ್ತೋ ಇಲ್ಲವೋ, ಬೇಡಿ ತಿನ್ನುವವನ ಬಾಯಿಗೆ ಈ ಹಾಡನ್ನು ಹಾಕಿದ ಜನಕ್ಕೆ ಅದರ ತಿರುಳು ಸರಿಯಾಗಿ ಅರ್ಥವಾಗಿತ್ತು.

ತಿರುಳು ಹುಟ್ಟಿದ್ದು ಪಂಡಿತರ ಚರ್ಚೆಯಲ್ಲಿ ಅಲ್ಲ, ಒಬ್ಬ ಸನ್ಯಾಸಿಯ ಸಂಕಟದಲ್ಲಿ. ಲೂಥರ್ 1505ರಲ್ಲಿ ಎರ್ಫುರ್ಟಿನ ಅಗಸ್ಟೀನಿಯನ್ ಮಠ ಸೇರಿದ. ಉಪವಾಸ, ಜಾಗರಣೆ, ಗಂಟೆಗಟ್ಟಲೆ ಪಾಪನಿವೇದನೆ, ಯಾವುದನ್ನೂ ಅವನು ಬಿಡಲಿಲ್ಲ. ಆದರೆ ಇಷ್ಟು ಸಾಕೇ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರ ಒಳಗಿನಿಂದ ಬರಲೇ ಇಲ್ಲ. ಹಣ ಕೊಟ್ಟು ಪಾಪದ ದಂಡನೆಯಿಂದ ಬಿಡುಗಡೆಯ ಚೀಟಿ ಕೊಳ್ಳುವ ವ್ಯಾಪಾರದ ವಿರುದ್ಧ 1517ರಲ್ಲಿ ಅವನು ಬರೆದ 95 ವಾದಗಳನ್ನು ಎಲ್ಲರೂ ಬಲ್ಲರು. ಅವುಗಳ ಹಿಂದೆ ಇದ್ದದ್ದು ಈ ತೀರದ ಲೆಕ್ಕದ ದಣಿವು. ರೋಮಾಪುರದವರಿಗೆ ಅಪೊಸ್ತಲ ಪೌಲನು ಬರೆದ ಪತ್ರಿಕೆಯನ್ನು ಮತ್ತೆ ಮತ್ತೆ ಓದುತ್ತ, ದೇವರ ನೀತಿ ಎಂದರೆ ದೇವರು ಮನುಷ್ಯನನ್ನು ಅಳೆಯುವ ಕೋಲಲ್ಲ, ಮನುಷ್ಯನಿಗೆ ಸುಮ್ಮನೆ ಕೊಡುವ ವರ ಎಂದು ಅವನಿಗೆ ಹೊಳೆಯಿತು. ಸ್ವರ್ಗದ ಬಾಗಿಲೇ ತೆರೆದಂತಾಯಿತು ಎಂಬರ್ಥದ ಮಾತನ್ನು ಆತ ಮುಪ್ಪಿನಲ್ಲಿ ನೆನೆದು ಬರೆದಿದ್ದಾನೆ. ರೋಮ್ ಇದನ್ನು ಒಪ್ಪಲಿಲ್ಲ. 1547ರಲ್ಲಿ ಟ್ರೆಂಟ್ ಮಹಾಸಭೆ, ಕೃಪೆಯೇ ಮೊದಲು ಎಂಬುದನ್ನು ಎತ್ತಿಹಿಡಿಯುತ್ತಲೇ, ನಂಬಿಕೆಯೊಂದೇ ಸಾಕು ಎಂಬ ವಾದವನ್ನು ತಳ್ಳಿಹಾಕಿತು. ಎರಡೂ ಕಡೆಯವರು ಕೂತು ಒಂದು ಒಪ್ಪಿತ ಹೇಳಿಕೆಗೆ ಸಹಿ ಹಾಕಿದ್ದು 1999ರ ಅಕ್ಟೋಬರ್ 31ರಂದು, ಆಗ್ಸ್‌ಬರ್ಗಿನಲ್ಲಿ.

ಇನ್ನು ಬಾಖ್. ಅವನು ಹುಟ್ಟಿದ್ದು 1685ರಲ್ಲಿ ಐಸೆನಾಖ್ ಊರಿನಲ್ಲಿ. ಲೂಥರ್ ಹುಡುಗನಾಗಿ ಓದಿದ ಊರು ಅದು, ಅವನು ಅಡಗಿ ಕೂತು ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದ ವಾರ್ಟ್‌ಬರ್ಗ್ ಕೋಟೆ ಇರುವುದೂ ಅಲ್ಲೇ. 1750ರಲ್ಲಿ ಬಾಖ್ ತೀರಿಕೊಂಡಾಗ ಮನೆಯಲ್ಲಿದ್ದ ಪುಸ್ತಕಗಳ ಪಟ್ಟಿ ಮಾಡಿದರು. ಅದರಲ್ಲಿ ಲೂಥರನ ಸಮಗ್ರ ಬರಹಗಳು ಒಂದಲ್ಲ, ಎರಡು ಆವೃತ್ತಿಗಳಲ್ಲಿದ್ದವು. ಲೈಪ್ಸಿಗ್‌ನಲ್ಲಿ ಅವನ ಕೆಲಸ ಭಾನುವಾರದಿಂದ ಭಾನುವಾರಕ್ಕೆ ಓಡುತ್ತಿತ್ತು. ಬೆಳಗಿನ ಆರಾಧನೆಯಲ್ಲಿ ಸುವಾರ್ತೆಯ ಓದು ಮುಗಿದು ಪ್ರಸಂಗ ಶುರುವಾಗುವ ಮುನ್ನ ಒಂದು ಕ್ಯಾಂಟಾಟಾ ಹಾಡಬೇಕು. 1724ರಲ್ಲಿ ಅವನು ವಾರಕ್ಕೊಂದು ಹಳೆಯ ಸಭಾಗೀತೆ ಹಿಡಿದು ಕ್ಯಾಂಟಾಟಾ ಕಟ್ಟುವ ದೊಡ್ಡ ವ್ರತ ಹಿಡಿದಿದ್ದ. ತ್ರಯೈಕ್ಯದ ಹಬ್ಬದ ನಂತರದ ಆರನೆಯ ಭಾನುವಾರ ಹೆಂಡತಿ ಆನಾ ಮಗ್ದಲೇನಾಳೊಡನೆ ಕೋಥೆನ್‌ಗೆ ಹೋಗಿದ್ದರಿಂದ ಆ ವಾರದ ಜಾಗ ಖಾಲಿ ಉಳಿಯಿತು. ಸ್ಪೆರಾಟಸನ ಹಾಡಿನ ಮೇಲೆ ಕಟ್ಟಿದ ಈ ಕ್ಯಾಂಟಾಟಾದಿಂದ ಆ ಜಾಗವನ್ನು ಅವನು ತುಂಬಿದ್ದು ಸುಮಾರು ಹತ್ತು ವರ್ಷಗಳ ಮೇಲೆ, 1732ರಿಂದ 1735ರ ನಡುವೆ. ಯಾರೂ ಕೇಳದಿದ್ದ ಕೆಲಸ ಅದು. ನಮಗೆ ಸಿಕ್ಕಿದ್ದು ಮಾಗಿದ ಕೈಯ ಬರಹ.

ಆ ಭಾನುವಾರಕ್ಕೆ ಗೊತ್ತಾಗಿದ್ದ ಸುವಾರ್ತೆಯ ಭಾಗವನ್ನು ನೆನೆಯದೆ ಈ ಸಂಗೀತ ಪೂರ್ತಿ ದಕ್ಕುವುದಿಲ್ಲ. ಮತ್ತಾಯನ ಐದನೆಯ ಅಧ್ಯಾಯ, ಬೆಟ್ಟದ ಮೇಲಿನ ಪ್ರಸಂಗ. ಶಾಸ್ತ್ರಿಗಳ, ಫರಿಸಾಯರ ನೀತಿಗಿಂತ ನಿಮ್ಮ ನೀತಿ ಮೇಲಾಗಿರಬೇಕು ಎಂದು ಯೇಸು ಅಲ್ಲಿ ಹೇಳುತ್ತಾನೆ. ಕೊಲೆ ಮಾಡದಿದ್ದರೆ ಸಾಲದು, ಸಹೋದರನ ಮೇಲೆ ಸಿಟ್ಟಾಗುವುದೂ ಅಪರಾಧ. ಕಾಣಿಕೆ ಕೊಡಲು ವೇದಿಕೆಯ ಮುಂದೆ ನಿಂತಾಗ ಜಗಳದ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕು. ಇದಕ್ಕಿಂತ ಕಟ್ಟುನಿಟ್ಟಾದ ಬೇಡಿಕೆ ಬೇರೆ ಇಲ್ಲ. ಇದನ್ನು ಕೇಳಿ ತಲೆ ತಗ್ಗಿಸಿ ಕೂತ ಸಭೆಯ ಮುಂದೆ, ಮರುಕ್ಷಣವೇ, ಕೊಳಲು ಮತ್ತು ಓಬೊ ದಾಮೋರೆ ಮಾತಾಡಲು ತೊಡಗುತ್ತವೆ.

ಮೊದಲ ಭಾಗ ಸ್ಪೆರಾಟಸನ ಮೊದಲ ಚರಣ. ಮೂರೆಣಿಕೆಯ ತಾಳ, ಬೆಳಕು ತುಂಬಿದ ಶ್ರುತಿ. ತುತ್ತೂರಿಯಿಲ್ಲ, ನಗಾರಿಯಿಲ್ಲ. ರಕ್ಷಣೆ ಬಂತು ಎಂಬ ಘೋಷಣೆಗೆ ಬೇರೆ ಯಾರೇ ಆದರೂ ಅವನ್ನು ತರಿಸುತ್ತಿದ್ದರು. ಬಾಖ್ ಆರಿಸಿಕೊಂಡದ್ದು ಎರಡು ಮೆಲುದನಿಗಳನ್ನು ಮತ್ತು ತಂತಿವಾದ್ಯಗಳನ್ನು. ಅವು ತಮ್ಮಷ್ಟಕ್ಕೆ ಸರಸವಾಡುತ್ತಿರುವಾಗ ಮೇಲಿನ ಕಂಠ ಹಳೆಯ ಧಾಟಿಯನ್ನು ನೀಳ ಸ್ವರಗಳಲ್ಲಿ ಎಳೆದು ಹಾಡುತ್ತದೆ. ಕೆಳಗಿನ ಮೂರು ಕಂಠಗಳು ಅದರಡಿ ಚುರುಕಾಗಿ ಓಡಾಡುತ್ತವೆ. ಗಮನಿಸಬೇಕಾದದ್ದು ಒಂದಿದೆ. ಹಾಡು ಶುರುವಾಗುವ ಮೊದಲೇ ಸಂತೋಷ ಶುರುವಾಗಿರುತ್ತದೆ, ಹಾಡು ನಿಂತ ಮೇಲೂ ಅದು ನಡೆದೇ ಇರುತ್ತದೆ. ಮನುಷ್ಯರ ದನಿಗಳು ಆಗಲೇ ನಡೆಯುತ್ತಿದ್ದ ಹಬ್ಬದೊಳಗೆ ಕಾಲಿಡುತ್ತವೆ.

ಆಮೇಲೆ ಮಂದ್ರ ಕಂಠದ ಗಾಯಕ ಎದ್ದು ಮಾತಿನ ಧಾಟಿಯಲ್ಲಿ ಹೇಳತೊಡಗುತ್ತಾನೆ. ರೆಸಿಟಟಿವ್ ಎಂಬ ಇಂಥ ಭಾಗಗಳು ಈ ಕ್ಯಾಂಟಾಟಾದಲ್ಲಿ ಮೂರಿವೆ, ಮೂರನ್ನೂ ಬಾಖ್ ಒಬ್ಬನೇ ಗಾಯಕನಿಗೆ ಕೊಟ್ಟಿದ್ದಾನೆ. ಪ್ರಸಂಗಿಯೊಬ್ಬ ನಡುನಡುವೆ ಎದ್ದು ವಾದವನ್ನು ಮುಂದಕ್ಕೆ ಸಾಗಿಸಿದಂತೆ ಅದು ಕೇಳುತ್ತದೆ. ಸ್ಪೆರಾಟಸನ ಎರಡನೆಯ ಚರಣದಿಂದ ಹನ್ನೊಂದನೆಯವರೆಗಿನ ಬಹುಪಾಲು ವಾದ ಈ ಮೂರರಲ್ಲಿ ಅಡಕವಾಗಿದೆ. ರಸಕ್ಕಾಗಿ ಕೇಳುವವರು ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ, ಆದರೆ ಹಾರಿಸಲೂ ಬಾರದು. ಮುಂದೆ ಬರುವ ಬೀಳು ಎಲ್ಲಿಂದ ಎಂದು ಗೊತ್ತಾಗುವುದು ಇಲ್ಲೇ.

ಬೀಳು ಎಂದೆ. ಮೂರನೆಯ ಭಾಗ ಪೂರಾ ಬೀಳುವಿಕೆಯೇ. ಒಂದು ಪಿಟೀಲು, ಒಬ್ಬ ಟೆನರ್ ಗಾಯಕ, ಕೆಳಗೆ ಮಂದ್ರ, ಅಷ್ಟೇ. ಶ್ರುತಿಯ ಬೆಳಕು ಆರಿ ಕೀರವಾಣಿಯನ್ನು ನೆನಪಿಸುವ ನೆರಳು ಕವಿಯುತ್ತದೆ. ತಾಳ ನಾಲ್ಕೆಣಿಕೆ, ಪ್ರತಿ ಎಣಿಕೆಯೊಳಗೂ ಮೂರು, ನಮ್ಮ ತಿಶ್ರ ನಡೆಯ ಹಾಗೆ. ತಿಶ್ರ ನಡೆ ಸಾಮಾನ್ಯವಾಗಿ ತೂಗುತ್ತದೆ, ತೇಲಿಸುತ್ತದೆ. ಇಲ್ಲಿ ಅದು ಮುಳುಗಿಸುತ್ತದೆ. ಪಿಟೀಲಿನ ಎಳೆ ಮೇಲಿನಿಂದ ಹೊರಟು ಕೆಳಕ್ಕೆ ಜಾರುತ್ತದೆ, ಹೇಗೋ ಮೇಲೆ ಹತ್ತುತ್ತದೆ, ಹತ್ತಿದ್ದಕ್ಕಿಂತ ಹೆಚ್ಚು ಜಾರುತ್ತದೆ. ಎಣಿಕೆ ಬೀಳುವಲ್ಲಿ ಸ್ವರ ಬೀಳುವುದಿಲ್ಲ. ಒಂದು ಗಳಿಗೆ ತಪ್ಪಿ ಬೀಳುತ್ತದೆ, ಕಾಲಿಟ್ಟ ಕಡೆ ನೆಲವಿಲ್ಲದ ಹಾಗೆ. ಗಾಯಕ ಹೇಳುತ್ತಿರುವುದೂ ಅದನ್ನೇ: ನಾವು ಆಗಲೇ ತೀರಾ ಆಳಕ್ಕೆ ಇಳಿದುಬಿಟ್ಟಿದ್ದೆವು, ಸಾವು ಎದುರಾದಾಗಲೂ ಕೈ ಚಾಚಿ ಹಿಡಿಯುವವರು ಯಾರೂ ಇರಲಿಲ್ಲ. ಬಾಖ್ ಇನ್ನೂ ತರುಣನಾಗಿದ್ದಾಗ ಆರ್ಗನ್‌ಗಾಗಿ ಬರೆದ ಕಿರುಪುಸ್ತಕದಲ್ಲಿ ಆದಾಮನ ಪತನದ ಹಾಡಿನ ಪಕ್ಕಕ್ಕೇ ಸ್ಪೆರಾಟಸನ ಈ ಹಾಡನ್ನು ಇಟ್ಟಿದ್ದಾನೆ. ಮೊದಲನೆಯದರಲ್ಲಿ ಕಾಲಿನಿಂದ ನುಡಿಸುವ ಮಣೆಯ ಮಂದ್ರ ಸ್ವರಗಳು ಹಳ್ಳಕ್ಕೆ ಬಿದ್ದಂತೆ ದೊಡ್ಡ ದೊಡ್ಡ ಅಂತರಗಳಲ್ಲಿ ಬೀಳುತ್ತವೆ. ಎರಡನೆಯದರಲ್ಲಿ ಅದೇ ಕಾಲುಗಳು ಎದ್ದು ಸಲೀಸಾಗಿ ನಡೆಯತೊಡಗುತ್ತವೆ. ಬೀಳುವುದನ್ನೂ ನಡೆಯುವುದನ್ನೂ ಸ್ವರದಲ್ಲಿ ಕಾಣಿಸುವ ವಿದ್ಯೆ ಅವನಿಗೆ ಆಗಲೇ ಕರಗತವಾಗಿತ್ತು.

ಈ ಮೂರನೆಯ ಭಾಗದ ಹೆಚ್ಚುಗಾರಿಕೆ ಬೇರೆ. ಪಿಟೀಲು ಸೋಮಾರಿಯಲ್ಲ, ಗಾಯಕನೂ ಅಲ್ಲ. ಇಬ್ಬರೂ ಬಿಡುವಿಲ್ಲದೆ ದುಡಿಯುತ್ತಾರೆ. ಉಸಿರು ಹಿಡಿದು, ಬೆರಳು ಸೋಲುವಷ್ಟು ದುಡಿಯುತ್ತಾರೆ. ಆದರೆ ದುಡಿದಷ್ಟೂ ಕೆಳಗೆ. ಲೂಥರ್ ಮಠದ ಕೋಣೆಯಲ್ಲಿ ಅನುಭವಿಸಿದ ದಣಿವನ್ನು ಇಷ್ಟು ನಿಜವಾಗಿ ಹೇಳಿದ ಬರಹ ನಾನು ಓದಿಲ್ಲ.

ಈಗ ಐದನೆಯ ಭಾಗಕ್ಕೆ ಬರೋಣ. ಅದು ಕ್ಯಾನನ್. ಒಂದು ದನಿ ಹಾಡಿದ್ದನ್ನು ಇನ್ನೊಂದು ದನಿ ಸ್ವಲ್ಪ ತಡೆದು, ಸ್ವರಕ್ಕೆ ಸ್ವರ ಹಿಂಬಾಲಿಸಬೇಕು. ಮೊದಲನೆಯದು ನಿಲ್ಲದೆ ಮುಂದೆ ಹೋಗುತ್ತಿರುತ್ತದೆ, ಆದರೂ ಎರಡೂ ಒಂದಕ್ಕೊಂದು ಹೊಂದಿಕೊಂಡೇ ಇರಬೇಕು. ಗದ್ದೆಯ ಬದುವಿನ ಮೇಲೆ ಅಕ್ಕ ಎತ್ತಿದ ಹೆಜ್ಜೆಯ ಗುರುತಿನಲ್ಲೇ ಹೆಜ್ಜೆಯಿಟ್ಟು ಬರುವ ತಂಗಿಯ ನಡಿಗೆ ಅದು. ಇಲ್ಲಿ ಬಾಖ್ ಒಂದು ಜೋಡಿಗೆ ತೃಪ್ತನಾಗಿಲ್ಲ. ಕೊಳಲು ಮತ್ತು ಓಬೊ ದಾಮೋರೆ ತಮ್ಮಲ್ಲಿ ಒಂದು ಕ್ಯಾನನ್ ನಡೆಸುತ್ತವೆ, ಸೊಪ್ರಾನೊ ಮತ್ತು ಆಲ್ಟೊ ಎಂಬ ಎರಡು ಎತ್ತರದ ಕಂಠಗಳು ತಮ್ಮಲ್ಲಿ ಇನ್ನೊಂದನ್ನು ನಡೆಸುತ್ತವೆ. ನಾಲ್ಕು ಎಳೆಗಳು ಎರಡು ಕಟ್ಟುಪಾಡುಗಳಲ್ಲಿ ಸಿಕ್ಕಿವೆ, ಒಂದು ಸ್ವರ ಅತ್ತಿತ್ತ ಆದರೂ ಇಡೀ ನೇಯ್ಗೆ ಕೆಡುತ್ತದೆ. ಪಾಶ್ಚಾತ್ಯ ಸಂಗೀತಕ್ಕೆ ಇದಕ್ಕಿಂತ ಕಟ್ಟುನಿಟ್ಟಾದ ನಿಯಮ ಗೊತ್ತಿಲ್ಲ.

ಬಾಖ್ ಕ್ಯಾನನ್ನನ್ನು ಬೇರೆ ಕಡೆ ಎಲ್ಲಿ ಬಳಸಿದ್ದಾನೆ ನೋಡಿ. 1723ರ ಎಪ್ಪತ್ತೇಳನೆಯ ಕ್ಯಾಂಟಾಟಾದ ಮೊದಲ ಭಾಗದಲ್ಲಿ ತುತ್ತೂರಿಯೂ ಮಂದ್ರವೂ ಒಂದು ಧಾಟಿಯನ್ನು ಕ್ಯಾನನ್ನಾಗಿ ಹಿಡಿದಿವೆ. ಆ ಧಾಟಿ ಹತ್ತು ಕಟ್ಟಳೆಗಳ ಹಾಡಿನದು. 1739ರಲ್ಲಿ ಪ್ರಕಟಿಸಿದ ಆರ್ಗನ್ ಸಂಗ್ರಹದಲ್ಲೂ ಅದೇ ಹತ್ತು ಕಟ್ಟಳೆಗಳ ಹಾಡನ್ನು ಕ್ಯಾನನ್ನಿನಲ್ಲಿ ಕಟ್ಟಿದ್ದಾನೆ. ನಿಯಮಕ್ಕೆ ನಿಯಮದ ರೂಪವೇ ತಕ್ಕದ್ದು ಎಂದು ಅವನ ಲೆಕ್ಕ ಇದ್ದಿರಬೇಕು. ಹಾಗಿದ್ದ ಮೇಲೆ, ನಿಯಮ ಪಾಲಿಸಿ ಯಾರೂ ಪಾರಾಗಲಾರರು, ಪಾರಾಗುವುದು ನಂಬಿಕೆಯೊಂದರಿಂದ ಎಂಬ ಮಾತಿಗೆ ಅವನು ಅದೇ ರೂಪವನ್ನು, ಅದೂ ಎರಡು ಪಟ್ಟು ಬಿಗಿಯಾಗಿ, ಏಕೆ ತೊಡಿಸಿದ?

ನನಗೆ ತೋರುವ ಉತ್ತರ ಇದು. ಇಲ್ಲಿ ನಿಯಮ ಇದೆ, ಆದರೆ ಅದರ ಭಾರ ಇಲ್ಲ. ಕೇಳುವವರಿಗೆ ಕ್ಯಾನನ್ ಇದೆ ಎಂದೇ ತಿಳಿಯುವುದಿಲ್ಲ, ಎರಡು ದನಿಗಳು ಆಟವಾಡುತ್ತಿವೆ ಎಂದಷ್ಟೇ ತಿಳಿಯುತ್ತದೆ. ಹಿಂದೆ ಬರುವ ದನಿ ಮುಂದಿನದನ್ನು ಹಿಂಬಾಲಿಸುವುದು ದಂಡನೆಯ ಹೆದರಿಕೆಯಿಂದ ಅಲ್ಲ, ಆ ಸ್ವರಮಾಲೆ ಅಷ್ಟು ಚೆಂದ ಇರುವುದರಿಂದ. ಮೂರನೆಯ ಭಾಗದಲ್ಲಿ ದುಡಿದಷ್ಟೂ ಮುಳುಗಿದವರೇ ಇಲ್ಲಿ ಅದಕ್ಕಿಂತ ಕಠಿಣವಾದದ್ದನ್ನು ನಗುತ್ತ ನಡೆಸುತ್ತಾರೆ. ಕೆಲಸ ಹೋಗಿಲ್ಲ, ಕೆಲಸದಿಂದ ಏನನ್ನೋ ಗಳಿಸಬೇಕೆಂಬ ಭಯ ಹೋಗಿದೆ. ನಂಬಿಕೆ ಸಾಕು ಎಂದರೆ ಜನ ಒಳ್ಳೆಯದು ಮಾಡುವುದನ್ನೇ ಬಿಟ್ಟಾರು ಎಂಬ ಆಕ್ಷೇಪ ಪೌಲನ ಕಾಲದಿಂದಲೂ ಇದೆ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬನ ಪತ್ರಿಕೆ ಗಟ್ಟಿಯಾಗಿಯೇ ಹೇಳುತ್ತದೆ. ಲೂಥರ್ 1520ರ ‘ಕ್ರೈಸ್ತನ ಸ್ವಾತಂತ್ರ್ಯ’ ಎಂಬ ಹೊತ್ತಿಗೆಯಲ್ಲಿ ಇದಕ್ಕೆ ಉತ್ತರ ಕೊಟ್ಟ. ಮರ ಒಳ್ಳೆಯದಾದರೆ ಹಣ್ಣು ತಾನಾಗಿ ಒಳ್ಳೆಯದಾಗುತ್ತದೆ, ಹಣ್ಣು ಕಟ್ಟಿ ಮರವನ್ನು ಒಳ್ಳೆಯದು ಮಾಡಲಾಗದು ಎಂಬುದು ಅವನ ವಾದದ ಸಾರ. ಆ ವಾದವನ್ನು ಓದಿ ಒಪ್ಪಬಹುದು, ಒಪ್ಪದೆಯೂ ಇರಬಹುದು. ಬಾಖನ ದ್ವಿಗಾನದಲ್ಲಿ ಅದು ನಡೆಯುವುದನ್ನೇ ಕೇಳುತ್ತೇವೆ.

ಈ ಪರಂಪರೆಯ ಒಂದು ಎಳೆ ನಮ್ಮ ಕಡೆಗೂ ಬಂದಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಲೂಥರನ ಈ ಬೋಧನೆಯನ್ನೂ ಕೊರಾಲ್ ಎಂಬ ಜರ್ಮನ್ ಸಭಾಗೀತೆಗಳ ಧಾಟಿಗಳನ್ನೂ ಜೊತೆಯಲ್ಲೇ ತಂದರು. ಮಂಗಳೂರು, ಧಾರವಾಡ, ಹುಬ್ಬಳ್ಳಿಯ ಸಭೆಗಳಲ್ಲಿ ಕನ್ನಡದ ಮಾತು ಆ ಧಾಟಿಗಳಿಗೆ ಕೂಡಿತು. ಅದೇ ಮಿಶನ್ನಿನ ಕಿಟೆಲ್ ಇದಕ್ಕೆ ಎದುರು ದಾರಿ ಹಿಡಿದು, 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ನಮ್ಮದೇ ಛಂದಸ್ಸಿನಲ್ಲಿ ಕಟ್ಟಿದ. ಒಳ್ಳೆಯ ಕೆಲಸಗಳಿಂದ ಮುಕ್ತಿಯಿಲ್ಲ ಎಂದು ಸಾರಿದ ಇದೇ ಜನ ಮುದ್ರಣಾಲಯ ತೆರೆದರು, ‘ಮಂಗಳೂರ ಸಮಾಚಾರ’ ಪತ್ರಿಕೆ ತಂದರು, 1865ರಲ್ಲಿ ಹಂಚಿನ ಕಾರ್ಖಾನೆ ಹೂಡಿದರು, ಕೊನೆಗೆ ನಿಘಂಟನ್ನೂ ಕೊಟ್ಟರು. ಆ ದುಡಿಮೆಯ ಹಿಂದಿನ ಹುರುಪು ಅರ್ಥವಾಗಬೇಕಾದರೆ ಈ ದ್ವಿಗಾನವನ್ನು ಕೇಳಬೇಕು ಅನಿಸುತ್ತದೆ.

ಬಾಖನ ಮಟ್ಟಿಗೆ ಹೇಳುವುದಾದರೆ, ಅವನ ಎಷ್ಟೋ ಹಸ್ತಪ್ರತಿಗಳ ತಲೆಯಲ್ಲಿ, ಯೇಸುವೇ ನೆರವಾಗು ಎಂಬ ಪ್ರಾರ್ಥನೆಯ ಎರಡು ಮೊದಲಕ್ಷರಗಳಿವೆ. ಕೊನೆಯಲ್ಲಿ, ಮಹಿಮೆಯೆಲ್ಲ ದೇವರೊಬ್ಬನದೇ ಎಂಬುದರ ಮೂರು ಮೊದಲಕ್ಷರಗಳಿವೆ. ಕೈ ಚಾಚಿ ಶುರುಮಾಡಿ, ಕೈ ಬಿಟ್ಟುಕೊಟ್ಟು ಮುಗಿಸುವ ರೀತಿ ಇದು. ನಡುವೆ ಇರುವುದು ಮನುಷ್ಯಮಾತ್ರರಿಗೆ ಸಾಧ್ಯವಾದ ಅತಿ ದೊಡ್ಡ ದುಡಿಮೆ.

ಆದರೂ ಒಂದು ಗಂಟು ಬಿಚ್ಚದೆ ಉಳಿದಿರುತ್ತದೆ. ದ್ವಿಗಾನದ ಸಾಹಿತ್ಯ ಹೊಗಳುವುದು ಹೃದಯದ ನಂಬಿಕೆಯ ಬಲವನ್ನು. ಬಲವಿಲ್ಲದವರ ಗತಿ? ನಂಬಿಕೆ ಗಟ್ಟಿಯಾಗಿರಬೇಕು ಎಂದ ಕೂಡಲೇ ಅದೂ ಇನ್ನೊಂದು ಸಾಧನೆಯಾಗುತ್ತದೆ. ನನ್ನ ನಂಬಿಕೆ ಸಾಕೇ, ಪಕ್ಕದವನದು ನನ್ನದಕ್ಕಿಂತ ಹೆಚ್ಚೇ ಎಂದು ಅದೇ ಹಳೆಯ ಲೆಕ್ಕ ಹೊಸ ಪುಸ್ತಕದಲ್ಲಿ ಶುರುವಾಗುತ್ತದೆ. ಮಠದ ಕೋಣೆಯಿಂದ ಹೊರಬಂದವನು ಇನ್ನೊಂದು ಕೋಣೆ ಹೊಕ್ಕಂತಾಯಿತು. ಈ ಬೋಧನೆಯನ್ನು ಮನಸ್ಸಿಗೆ ಹಚ್ಚಿಕೊಂಡ ಎಷ್ಟೋ ಭಕ್ತರನ್ನು ಈ ಪ್ರಶ್ನೆ ರಾತ್ರಿಯೆಲ್ಲ ಎಚ್ಚರ ಇರಿಸಿದೆ.

ಏಳನೆಯ ಭಾಗ ಇದಕ್ಕೆಂದೇ ಇದೆ. ಸ್ಪೆರಾಟಸನ ಹನ್ನೆರಡನೆಯ ಚರಣ, ನಾಲ್ಕು ಕಂಠಗಳಲ್ಲಿ ನೇರವಾದ ಕೊರಾಲ್. ಇದು ಮಾತ್ರ ವಾದವಲ್ಲ. ಸೆರೆಯಲ್ಲಿ ಸಾವಿಗೆ ಕಾದು ಕೂತವನು ಪಕ್ಕದ ಕೈದಿಗೆ ಹೇಳಬಹುದಾದ ಮಾತು. ದೇವರು ಒಲ್ಲೆನೆನ್ನುವಂತೆ ಕಂಡರೆ ಗಾಬರಿಯಾಗಬೇಡ, ಅವನು ತೀರಾ ಹತ್ತಿರ ಇರುವಾಗಲೇ ಮರೆಯಾಗಿರುತ್ತಾನೆ, ನಿನ್ನ ಹೃದಯವೇ ಇಲ್ಲ ಇಲ್ಲ ಎಂದು ಹೇಳಿದರೂ ಅಂಜಬೇಡ, ಅವನು ಕೊಟ್ಟ ಮಾತನ್ನು ಹಿಡಿದುಕೋ ಎಂಬುದು ಅದರ ಆಶಯ. ಐದನೆಯ ಭಾಗದಲ್ಲಿ ಯಾವ ಹೃದಯದ ಬಲವನ್ನು ಹಾಡಿದ್ದರೋ ಅದೇ ಹೃದಯ ಇಲ್ಲಿ ಸೋತು ನಿಂತಿದೆ. ಹಾಗೆ ಸೋತರೂ ಸರಿ ಎಂದು ಹಾಡು ಹೇಳುತ್ತದೆ, ಹಿಡಿದಿರುವ ಕೈ ನಿನ್ನದಲ್ಲವಲ್ಲ. ಬಾಖ್ ಇಲ್ಲಿ ಜಾಣತನ ತೋರುವುದಿಲ್ಲ. ಕೊಳಲಿನ ಸರಸ, ಕ್ಯಾನನ್ನಿನ ನೇಯ್ಗೆ ಎಲ್ಲ ಬದಿಗಿಟ್ಟು, ಸಭೆಗೆ ಚಿಕ್ಕಂದಿನಿಂದ ಬಾಯಿಗೆ ಬಂದ ಧಾಟಿಯನ್ನು ಹಾಗೆಯೇ ನಿಲ್ಲಿಸುತ್ತಾನೆ. ಇಡೀ ಕ್ಯಾಂಟಾಟಾ ಕೇಳಲು ಬೇಕಾಗುವುದು ಅರ್ಧ ಗಂಟೆಗಿಂತ ಕಡಿಮೆ. ಜಪಾನಿನ ಮಸಾಕಿ ಸುಜುಕಿ ಬಾಖನ ಧಾರ್ಮಿಕ ಕ್ಯಾಂಟಾಟಾಗಳನ್ನೆಲ್ಲ ಧ್ವನಿಮುದ್ರಿಸಿದ್ದಾನೆ, ಇದೂ ಅದರಲ್ಲಿದೆ. ದ್ವಿಗಾನವನ್ನಷ್ಟೇ ಆರಿಸಿ ಕೇಳಬೇಡಿ. ಮೂರನೆಯ ಭಾಗದ ಬೀಳು ಕಿವಿಯಲ್ಲಿ ಇರುವಾಗ ಅದನ್ನು ಕೇಳಿ, ಕೇಳಿ ಮುಗಿದ ಮೇಲೆ ಏಳನೆಯದು ಬರುವವರೆಗೂ ಎದ್ದು ಹೋಗಬೇಡಿ.